ಹತ್ತು ಗಂಟೆ ಹೂವಿಗೆ ಸುರಿದ ನೀರು

ಸರೋಜಳ ಹೂಗಿಡಗಳನ್ನು ಕೊಂದವನು ನಾನು. ಅವಳ ಕೈಯಲ್ಲ, ನನ್ನ ನೀರಿನ ಕೊಡಪಾನ. ಇಷ್ಟು ಹೇಳಲು ನನಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅದೂ ಅವಳ ಮುಂದೆ ಇನ್ನೂ ಹೇಳಿಲ್ಲ — ಮೊದಲು ಇಲ್ಲಿ ಬರೆದು ಧೈರ್ಯ ತಂದುಕೊಳ್ಳುತ್ತಿದ್ದೇನೆ.

ಸರೋಜ ನನ್ನ ಹೆಂಡತಿ. ದೇರೆಬೈಲಿನಲ್ಲಿ ನಮ್ಮ ಮನೆ, ನಂತೂರಿನಲ್ಲಿ ನನ್ನ ಹೋಟೆಲು. ಹೋಟೆಲು ಎಂದರೆ ದೊಡ್ಡದೇನಲ್ಲ. ಚಹಾ, ಬನ್ಸು, ಗೋಳಿಬಜೆ, ಮಧ್ಯಾಹ್ನ ಲಾರಿಯವರಿಗೆ ಊಟ. ಬೇರೆಯವರು ಮಾಡಿದ ಕೆಲಸದ ಮೇಲೆ ನಂಬಿಕೆಯಿಲ್ಲದ ಮನುಷ್ಯ ನಾನು. ಅಡುಗೆಯವನ ಸಾಂಬಾರು ಸರಿಯಿದ್ದರೂ ನನ್ನ ಕೈಯಿಂದ ಒಂದು ಚಿಟಿಕೆ ಉಪ್ಪು ಬೀಳಲೇಬೇಕು. ಕೊನೆಗೆ ಅವನೇ ಉಪ್ಪು ಕಡಿಮೆ ಹಾಕಿ ನನ್ನ ಚಿಟಿಕೆಗೆ ಜಾಗ ಬಿಡಲು ಕಲಿತ. ಆ ಜಾಣತನ ಗಿಡಗಳಿಗೆ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ಸರೋಜಳಿಗೆ ಸಂಧಿವಾತ ಹಿಡಿಯಿತು. ಬೆಳಿಗ್ಗೆ ಏಳುವಾಗ ಬೆರಳುಗಳು ಮಡಚುತ್ತಿರಲಿಲ್ಲ. ಸೀರೆಯ ನೆರಿಗೆ ಹಿಡಿಯಲೂ ಮಗಳು ಶೋಭಾಳನ್ನು ಕರೆಯಬೇಕಾಗುತ್ತಿತ್ತು. "ಇದು ಬಿಟ್ಟು ಹೋಗುವ ಕಾಯಿಲೆ ಅಲ್ಲಮ್ಮ, ಇದರೊಟ್ಟಿಗೇ ಬದುಕ್ಲಿಕ್ಕೆ ಕಲೀಬೇಕು" ಎಂದರು ಡಾಕ್ಟರು. ಕೆಲವು ದಿನ ಕಳೆದು ಸರೋಜ ತನ್ನ ಮಲ್ಲಿಗೆ ಚಟ್ಟಿಗಳನ್ನೆಲ್ಲ ನೆರೆಮನೆಯ ಸಿಸಿಲಿ ಬಾಯಮ್ಮನಿಗೆ ಕೊಟ್ಟುಬಿಟ್ಟಳು. ಮಲ್ಲಿಗೆ ಹಾಗೆಯೇ ಅಲ್ಲವೇ — ಎರಡು ಹೊತ್ತು ನೀರು ಬೇಕು, ಬಿಸಿಲೇರುವ ಮೊದಲು ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. ಅವಳ ಬೆರಳು ಮಾತು ಕೇಳದ ಹೊತ್ತಿನಲ್ಲೇ ಅದರ ಚಾಕರಿಯೆಲ್ಲ.

ಇನ್ನು ಹೂವಿನ ಸುದ್ದಿ ಮುಗಿಯಿತು ಎಂದುಕೊಂಡೆ. ಆದರೆ ಅವಳು ಮೆಟ್ಟಿಲ ಮೇಲೆ ಕುಳಿತು, ಮದುವೆಗೆ ಗಂಡು ನೋಡುವವರ ಹಾಗೆ, ಒಂದೊಂದೇ ಗಿಡವನ್ನು ಆರಿಸತೊಡಗಿದಳು. ಗುಲಾಬಿ ಬೇಡ: ಮುಳ್ಳು, ಸವರುವ ಕೆಲಸ. ದಾಸವಾಳ ಒಂದು ಮೂಲೆಯಲ್ಲಿರಲಿ. ನಿತ್ಯಪುಷ್ಪ ಬೇಕು, ಅದು ತಾನೇ ಬೀಜ ಉದುರಿಸಿ ತಾನೇ ಹುಟ್ಟುತ್ತದೆ. ಮತ್ತೆಲ್ಲ ಕಡೆ ಹತ್ತು ಗಂಟೆ ಹೂವು — ತುಂಡು ಮುರಿದು ಚುಚ್ಚಿದರೆ ಬದುಕುವ, ನೆಲಕ್ಕೆ ಅಂಟಿ ಹಬ್ಬುವ ಆ ಸಣ್ಣ ಗಿಡ.

"ಅದರಲ್ಲಿ ಎಂತ ಉಂಟು ಮಾರಾಯ್ತಿ? ಪರಿಮಳ ಕೂಡ ಇಲ್ಲ" ಎಂದೆ.

"ಬೆಳಿಗ್ಗೆ ಅದೂ ಏಳುವುದಿಲ್ಲ, ನಾನೂ ಏಳುವುದಿಲ್ಲ" ಎಂದಳು. "ಹತ್ತು ಗಂಟೆಗೆ ಬಿಸಿಲು ಬಂದ ಮೇಲೆ ಅದರ ಎಸಳು ಬಿಚ್ತದೆ, ನನ್ನ ಬೆರಳೂ ಬಿಚ್ತದೆ. ನಮಗಿಬ್ಬರಿಗೆ ಸರಿಯಾಗ್ತದೆ."

ಬೆರಗಾಗಿ ಅವಳ ಮುಖ ನೋಡಿದೆ. ನೋವಿನ ನಡುವೆ ಕುಳಿತು ಇವಳು ಇದನ್ನೆಲ್ಲ ಯಾವಾಗ ಯೋಚಿಸಿದಳು? ನಾನು ಕಾಯಿಲೆಯನ್ನು ಮಾತ್ರ ನೋಡುತ್ತಿದ್ದೆ. ಅವಳು ಕಾಯಿಲೆಯ ಒಳಗೊಂದು ದಿನಚರಿಯನ್ನೇ ಕಟ್ಟಿಕೊಂಡಿದ್ದಳು.

ಹೋಟೆಲಿನ ಎಣ್ಣೆ ಡಬ್ಬಗಳನ್ನು ಅಡ್ಡಕ್ಕೆ ಕತ್ತರಿಸಿ, ತೂತು ಹೊಡೆದು ತಂದುಕೊಟ್ಟೆ. ಬಗ್ಗಬಾರದೆಂದು ಅವನ್ನು ಅಂಗಳದ ಮೋಟುಗೋಡೆಯ ಮೇಲೆ ಇಡಿಸಿಕೊಂಡಳು. ಕೊಡಪಾನ ಎತ್ತಲಾಗದ್ದಕ್ಕೆ ಹೋಟೆಲಿನಿಂದ ಒಂದು ಸಣ್ಣ ಅಲ್ಯೂಮಿನಿಯಂ ಚಹಾ ಕೆಟಲನ್ನೂ ಕೇಳಿ ಪಡೆದಳು. ಎಲ್ಲ ಆದ ಮೇಲೆ ನನ್ನ ಗುಣ ಗೊತ್ತಿದ್ದವಳು ಹೇಳಿದಳು — "ನೀರು ನಾನೇ ಹಾಕ್ತೇನೆ. ನೀವು ಮುಟ್ಟಬಾರದು, ಆಯಿತಾ?"

"ಇಲ್ಲ ಮಾರಾಯ್ತಿ, ಮುಟ್ಟುವುದಿಲ್ಲ."

ಮಾತು ಕೊಟ್ಟೆ. ಬೇಸಗೆ ಏರಿತು. ಅವಳು ಮನಸ್ಸಾದಾಗೊಮ್ಮೆ ಕೆಟಲಿನಿಂದ ಚೂರು ನೀರು ಬಿಡುತ್ತಿದ್ದಳು, ಅಷ್ಟೇ. ಡಬ್ಬದ ಮಣ್ಣು ಬಿರಿದದ್ದು ದಿನವೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಮಲ್ಲಿಗೆಗೆ, ಬಸಳೆಗೆ, ತೆಂಗಿನ ಬುಡಕ್ಕೆ ಎರಡು ಹೊತ್ತು ನೀರು ಹೊತ್ತು ಬೆಳೆದ ಊರಿನವರು ನಾವು. ಬೇಸಗೆ ಎಂದರೆ ನೀರು ಹಾಕುವುದು ಎಂದೇ ಗೊತ್ತು. ಪಾಪ, ಕೈ ಆಗದ್ದಕ್ಕೆ ಇಷ್ಟೇ ಹಾಕುತ್ತಾಳೆ ಎಂದುಕೊಂಡೆ. ಬೆಳಿಗ್ಗೆ ಬೇಗ ಹೋಟೆಲಿಗೆ ಹೊರಡುವಾಗ ಅವಳಿನ್ನೂ ಹಾಸಿಗೆಯಲ್ಲಿ. ನಾನು ಬಾವಿಯಿಂದ ಸೇದಿ ಡಬ್ಬಗಳಿಗೆ ತುಂಬ ಸುರಿದು ಹೋಗುತ್ತಿದ್ದೆ. ಅವಳು ಹೊರಗೆ ಬರುವಷ್ಟರಲ್ಲಿ ಬಿಸಿಲಿಗೆ ಮೇಲಿನ ಮಣ್ಣು ಒಣಗಿರುತ್ತಿತ್ತು. ಒಳಗೆ ಕೆಸರು.

ಗಿಡಗಳ ಬುಡ ಕಪ್ಪಾಯಿತು. ಮೊಗ್ಗುಗಳು ಬಿಚ್ಚದೆ ಕೊಳೆತವು. ಅವಳು ಹೊಸ ತುಂಡು ಚುಚ್ಚಿದಳು, ನಾನು ಇನ್ನಷ್ಟು ನೀರು ಸುರಿದೆ. ಮರುವರ್ಷವೂ ಅದೇ ಕಥೆ. ಆ ಏಪ್ರಿಲ್‌ನ ಒಂದು ಭಾನುವಾರ ಸಿಸಿಲಿ ಬಾಯಮ್ಮ ಬಂದವರು ಒಂದು ಗಿಡವನ್ನು ಎಳೆದು ನೋಡಿದರು. ಅದು ಬುಡದಲ್ಲೇ ಕಳಚಿ ಅವರ ಕೈಗೆ ಬಂತು.

"ನೀರು ಹೆಚ್ಚಾಗಿ ಕೊಳೆತದ್ದು ಇದು, ಸರೋಜಮ್ಮ. ಇದಕ್ಕೆ ನೀರೇ ವೈರಿ."

"ನಾನು ಚೂರೇ ಹಾಕುವುದಲ್ವಾ ಬಾಯಮ್ಮ..."

ಬಾಯಮ್ಮ ಅವಳ ಊದಿದ ಬೆರಳುಗಳನ್ನು ನೋಡಿದರು. ಕೆಟ್ಟ ಮನಸ್ಸಿನಿಂದಲ್ಲ, ಕರುಣೆಯಿಂದಲೇ ಹೇಳಿದರು — "ಕೈ ಸರಿ ಇಲ್ಲ ಅಲ್ವಾ. ಅಂದಾಜು ತಪ್ಪಿ ಬಿದ್ದಿರ್ತದೆ."

ನಾನು ಅಲ್ಲೇ ಇದ್ದೆ. ಜಗಲಿಯಲ್ಲಿ ಪೇಪರು ಹಿಡಿದುಕೊಂಡು. ನಾನು, ನಾನು ಸುರಿದದ್ದು — ಇಷ್ಟು ಹೇಳಿದರೆ ಸಾಕಿತ್ತು. ಸರೋಜ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಹಾಗೇ ಇರಬೇಕು" ಎಂದಳು. ನಾನು ಪೇಪರಿನ ಪುಟ ತಿರುಗಿಸಿದೆ.

ಆ ಸಂಜೆ ಕೆಟಲನ್ನು ತೊಳೆದು ನನ್ನ ಮುಂದಿಟ್ಟಳು. "ಇದನ್ನು ಹೋಟೆಲಿಗೆ ಕೊಂಡುಹೋಗಿ. ನನಗೆ ಇನ್ನು ಬೇಡ." ನಾನು ಕೊಂಡುಹೋದೆ!

ಅವಮಾನಕ್ಕೆ ಹೆದರಿದೆ, ಮಾತು ಮುರಿದವನೆಂದು ನಾಚಿದೆ — ಇವು ನಿಜ, ಆದರೆ ಇವನ್ನು ಎದುರಿಟ್ಟು ಕ್ಷಮೆ ಕೇಳುವ ಮುಖ ನನಗಿಲ್ಲ. ಏಕೆಂದರೆ ಅಂದಿನಿಂದ ಅವಳು ಒಂದೊಂದನ್ನೇ ಬಿಟ್ಟಳು. ಶೋಭಾಳ ಜಡೆ ಹೆಣೆಯುವುದನ್ನು ಬಿಟ್ಟಳು. ದೇವರ ದೀಪಕ್ಕೆ ಎಣ್ಣೆ ಹೊಯ್ಯುವುದನ್ನೂ ಬಿಟ್ಟಳು, "ಚೆಲ್ಲಿ ಹೋದೀತು" ಎಂದು. ಅವುಗಳಲ್ಲಿ ಕಾಯಿಲೆ ಕಿತ್ತುಕೊಂಡದ್ದು ಯಾವುದು, ನಾನು ಕಿತ್ತುಕೊಂಡದ್ದು ಯಾವುದು — ನನಗೆ ಗೊತ್ತಿಲ್ಲ.

ಹೆದರಿಕೆಯಿಂದ ನಾನೂ ಗಿಡದ ಸುದ್ದಿಗೆ ಹೋಗಲಿಲ್ಲ. ಕೊಳೆತ ಗಿಡಗಳನ್ನೆಲ್ಲ ಗೋಡೆಯ ಆಚೆ, ಮುರಕಲ್ಲಿನ ಕೆಂಪು ಜಲ್ಲಿಯ ಮೇಲೆ ಎಸೆದಿದ್ದೆವು. ಮರುವರ್ಷ ಮೇ ತಿಂಗಳ ಒಂದು ದಿನ, ಮರೆತ ಬೀಗದ ಕೈಗಾಗಿ ಹೋಟೆಲಿನಿಂದ ಮನೆಗೆ ಬಂದೆ. ಹತ್ತು ಗಂಟೆ ಕಳೆದಿತ್ತು. ಗೇಟಿನಲ್ಲೇ ನಿಂತುಬಿಟ್ಟೆ. ಕಾಲಿಡಲಾಗದಂತೆ ಕಾದ ಆ ಕಲ್ಲಿನ ಮೇಲೆಲ್ಲ ಕೆಂಪು, ಹಳದಿ, ಗುಲಾಬಿ, ಬಿಳಿ — ನೆಲವೇ ಕಾಣದಷ್ಟು ಹತ್ತು ಗಂಟೆ ಹೂವು! ಎಸೆದವುಗಳಲ್ಲಿ ಕೊಳೆಯದೆ ಉಳಿದ ತುಂಡುಗಳು ಅಲ್ಲೇ ಬೇರು ಬಿಟ್ಟಿದ್ದವು. ಬಾವಿಯ ನೀರು ತಳ ಕಂಡ ಆ ಬೇಸಗೆಯಲ್ಲಿ, ಯಾರೂ ಒಂದು ಹನಿ ಹಾಕದೆ! ದೇವಸ್ಥಾನದಲ್ಲಿ ಕೂಡ ನಾನು ಹಾಗೆ ಕೈಮುಗಿದು ನಿಂತದ್ದಿಲ್ಲ. ಅವಳು ಆರಿಸಿದ್ದು ಸರಿಯಿತ್ತು. ಮೊದಲ ದಿನದಿಂದಲೂ, ಪೂರ್ತಿ ಸರಿಯಿತ್ತು.

ಸರೋಜ ಮೆಟ್ಟಿಲ ಮೇಲೆ ಕುಳಿತಿದ್ದಳು, ಬಿಚ್ಚಿದ ಬೆರಳುಗಳನ್ನು ಬಿಸಿಲಿಗೆ ಹಿಡಿದು. "ನೋಡಿದ್ರಾ? ನಾನು ಕೈ ಹಾಕದಿದ್ರೆ ಹೇಗೆ ಬಂತು!" ಎಂದು ನಕ್ಕಳು.

ಆಗಲೂ ನಾನು ಹೇಳಲಿಲ್ಲ.

ಈಗ ಶೋಭಾ ಹೆರಿಗೆಗೆ ಬಂದಿದ್ದಾಳೆ. ಹೆಣ್ಣು ಮಗು, ನಮ್ಮ ಮೊದಲ ಪುಳ್ಳಿ. ಮೊಮ್ಮಗುವನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ನಿನ್ನೆ ಮಗಳು ಮಗುವನ್ನು ಮುಂದೆ ಚಾಚಿ, "ಅಮ್ಮ, ಒಮ್ಮೆ ಹಿಡ್ಕೊಳ್ಳಿ" ಎಂದಳು. ಸರೋಜ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೇಡ ಮಗಾ. ಕೆಟಲಿನ ನೀರಿನ ಅಂದಾಜೇ ಸಿಗದ ಕೈ ಇದು. ಗಿಡ ಆದ್ರೆ ಹೋಗ್ಲಿ ಅನ್ನಬಹುದು..."

ಮಗುವಿನ ಮುಖವನ್ನೇ ನೋಡುತ್ತಾ ಕುಳಿತಳು. ಹುಟ್ಟಿದಂದಿನಿಂದ ಅವಳು ಅದನ್ನು ಒಮ್ಮೆಯೂ ಎತ್ತಿಕೊಂಡಿಲ್ಲವೆಂದು ನನಗೆ ಆಗ ಹೊಳೆಯಿತು.

ಆ ಕೆಟಲು ಇಷ್ಟು ವರ್ಷ ಹೋಟೆಲಿನ ಅಟ್ಟದ ಮೇಲಿತ್ತು; ಅದರಲ್ಲಿ ಚಹಾ ಹೊಯ್ಯಲು ನಾನು ಯಾರಿಗೂ ಬಿಟ್ಟಿರಲಿಲ್ಲ. ಇಂದು ಅದನ್ನು ಮನೆಗೆ ತಂದಿದ್ದೇನೆ. ನಾಳೆ ಬೆಳಿಗ್ಗೆ ಹೋಟೆಲಿಗೆ ಹೋಗುವುದಿಲ್ಲ. ಹತ್ತು ಗಂಟೆಗೆ ಸರೋಜ ಮೆಟ್ಟಿಲಿಗೆ ಬಂದು ಕೂರುತ್ತಾಳೆ. ಶೋಭಾಳ ಎದುರಲ್ಲೇ, ಸಾಧ್ಯವಾದರೆ ಬಾಯಮ್ಮನನ್ನೂ ಕರೆದು, ನೀರು ಸುರಿದವನು ನಾನೆಂದು ಹೇಳುತ್ತೇನೆ. ಅವಳು ಬೈದರೆ ಬೈಯಲಿ, ಮಾತು ಬಿಟ್ಟರೆ ಬಿಡಲಿ.

ಮಗುವನ್ನು ತೆಗೆದುಕೊಳ್ಳುವುದು ಬಿಡುವುದು ಅವಳಿಗೆ ಸೇರಿದ್ದು. ತೆಗೆದುಕೊಂಡರೆ ನಾನು ದೂರದಲ್ಲೇ ನಿಲ್ಲುತ್ತೇನೆ. ಅವಳ ಕೈಯ ಕೆಳಗೆ ನನ್ನ ಕೈ ಒಡ್ಡುವುದಿಲ್ಲ.