ಎದುರು ಶುಕ್ರ

ದುರ್ಗಿಗುಡಿಯ ಬಸವರಾಜೇಶ್ವರಿ ಮದುವೆಯಾಗಿ ಮೂರು ತಿಂಗಳಾದರೂ ತವರಲ್ಲೇ ಉಳಿದಿದ್ದಳು. ಅಡ್ಡ ನಿಂತವನು ಶುಕ್ರ. ೧೯೬೩ರ ಆ ಮಾರ್ಚಿನಲ್ಲಿ ಅವನು ಬೆಳಗಿನ ಜಾವ ಪೂರ್ವಕ್ಕೆ ಹೊಳೆಯುತ್ತಿದ್ದ. ಗಂಡನ ಊರು ಭದ್ರಾವತಿಯೂ ಅದೇ ದಿಕ್ಕಿಗಿತ್ತು. ಹೊಸ ಮದುವಣಗಿತ್ತಿ ಶುಕ್ರನಿಗೆ ಎದುರಾಗಿ ಗಂಡನ ಮನೆಗೆ ಹೋಗಬಾರದೆಂದು ದೊಡ್ಡಪ್ಪ ಶಿವಯೋಗಪ್ಪನವರ ಕಟ್ಟಪ್ಪಣೆ. ಎಲ್ಲರಿಗೂ ಶುಕ್ರನ ದೆಸೆ ಬೇಕು, ದಿಸೆ ಮಾತ್ರ ಬೇಡ.

ಅಷ್ಟರಲ್ಲಿ ಭದ್ರಾವತಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅವಳಿಗೆ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತು. ಸೋಮವಾರ ಹಾಜರಾಗದಿದ್ದರೆ ಅದು ಬೇರೆಯವರ ಪಾಲು.

"ಮಳೆಗಾಲದ ಹೊತ್ತಿಗೆ ಶುಕ್ರ ಸರೀತಾನೆ. ಕೆಲಸ ಎಲ್ಲಿಗೆ ಹೋಗುತ್ತೆ?" ಎಂದರು ದೊಡ್ಡಪ್ಪ.

"ಇನ್ನೊಬ್ಬರ ಮನೆಗೆ ಹೋಗುತ್ತೆ."

ಅವಳು ಪೇಪರ್ ತಂದು ದೊಡ್ಡಪ್ಪನಿಗೆ ಓದಿ ಹೇಳಿದಳು. ಅಮೆರಿಕದವರು ಹಾರಿಸಿದ ನೌಕೆ ಶುಕ್ರನ ಪಕ್ಕದಲ್ಲೇ ಹಾದು ಸುದ್ದಿ ಕಳಿಸಿತ್ತು. ಅವನ ಮೋಡದ ಕೆಳಗೆ ಕಾಡಿದೆ, ಜೌಗಿದೆ ಎಂಬ ಊಹೆಯೆಲ್ಲ ಸುಟ್ಟುಹೋಗಿತ್ತು. ನೆಲ ನಾನೂರು ಡಿಗ್ರಿ; ಸೀಸ ಇಟ್ಟರೆ ಕರಗಿ ಹರಿಯುತ್ತದೆ.

"ನೋಡಿದ್ಯಾ ಮಾರಾಯ್ತಿ! ಅಂಥ ಉರಿ ಉಗುಳೋನ ಎದುರಿಗೆ ಹೋಗ್ತೀನಿ ಅಂತೀಯಲ್ಲ!" ದೊಡ್ಡಪ್ಪನಿಗೆ ಅಮೆರಿಕವೇ ಬಂದು ಸಾಕ್ಷಿ ಹೇಳಿದಂತಾಯಿತು.

ಅವಳು ಬಿಡಲಿಲ್ಲ. "ಭದ್ರಾವತಿ ಕಬ್ಬಿಣದ ಕುಲುಮೆ ಅದಕ್ಕಿಂತ ಮೂರು ಪಟ್ಟು ಬಿಸಿ. ನಿಮ್ಮ ಅಳಿಯ ದಿನಾ ಅದರ ಎದುರಿಗೇ ನಿಂತು, ಮನೆಗೆ ಬಂದು ತಣ್ಣಗೆ ಊಟ ಮಾಡ್ತಾರೆ. ಅವರಿಗೆ ಯಾಕೆ ಪಂಚಾಂಗ ತೋರಿಸಲಿಲ್ಲ?"

ದೊಡ್ಡಪ್ಪ ಕೆಮ್ಮಿದರು. "ಹಂಗಾದ್ರೆ ಮೊದಲು ಗಾಜನೂರಿನ ನಿನ್ನ ಸೋದರತ್ತೆ ಮನೆಗೆ ಹೋಗು. ಅಲ್ಲಿಂದ ಸುತ್ತಿ ಬಳಸಿ ಹೋದ್ರೆ ಅವನಿಗೆ ಗೊತ್ತಾಗಲ್ಲ."

"ಗೊತ್ತಾಗಲಿ ಅಂತಾನೇ ನೆಟ್ಟಗೆ ಹೋಗ್ತೀನಿ. ಕದ್ದು ಹೋಗೋಕೆ ನಾನೇನು ಕಳ್ಳಿಯಾ?"

ಸೋಮವಾರ ನಸುಕಿನ ಮೊದಲ ಬಸ್ಸಿನಲ್ಲಿ ಅವಳು ಮುಂದಿನ ಸೀಟೇ ಹಿಡಿದಳು. ಗಾಜಿನಾಚೆ ಶುಕ್ರ. ತಡೆಯಲಾಗದೆ ಜೊತೆಗೆ ಹೊರಟ ದೊಡ್ಡಪ್ಪ ಬಸ್ಸಿನೊಳಗೇ ಛತ್ರಿ ಬಿಚ್ಚಿ ಅವಳ ಮುಖಕ್ಕೆ ಅಡ್ಡ ಹಿಡಿದರು.

"ಯಜಮಾನ್ರೇ, ನಮ್ಮ ಬಸ್ ಸೋರಲ್ಲ," ಎಂದ ಕಂಡಕ್ಟರ್.

ಅವಳು ಛತ್ರಿ ಕಿತ್ತುಕೊಂಡು ಮಡಚಿದಳು. "ಅವನು ನೋಡಲಿ ಬಿಡಿ ದೊಡ್ಡಪ್ಪ. ನಾನೂ ನೋಡ್ತೀನಿ."

ದಾರಿಯುದ್ದಕ್ಕೂ ಅವಳೂ ಶುಕ್ರನೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಭದ್ರಾವತಿ ಮುಟ್ಟುವಷ್ಟರಲ್ಲಿ ಬೆಳಕು ಹರಿದು, ಮೊದಲು ಮರೆಯಾದವನು ಶುಕ್ರನೇ.

ಅಂದು ತರಗತಿಯಲ್ಲಿ ಹೊಸ ಟೀಚರ್ ಹೇಳಿದ ಮೊದಲ ಮಾತು: "ಗ್ರಹಗಳ ಪಾಠ ತೆಗೀರಿ. ಶುಕ್ರನಲ್ಲಿ ಕಾಡಿರಬಹುದು ಅಂತಿದೆಯಲ್ಲ, ಹೊಡೆದುಹಾಕಿ."

ಕಿಟಕಿಯಾಚೆ ದೊಡ್ಡಪ್ಪ ಛತ್ರಿ ಊರಿಕೊಂಡು ನಿಂತಿದ್ದರು. ಅವಳು ನಾನೂರು ಡಿಗ್ರಿ ಎಂದಾಗ, ತಾವೇ ಅಳೆದು ಬಂದವರಂತೆ ತಲೆಯಾಡಿಸಿದರು.