ಎರಡನೆಯ ಪುಟ

ಆ ಕಾರ್ಡಿಗನ್‌ನ ಜೇಬಿನಲ್ಲಿ ಟಿಶ್ಯೂ ಕಾಗದದ ಉಂಡೆಯೊಂದು ಇತ್ತು. ತೊಳೆಯುವ ಮೊದಲು ಜೇಬು ನೋಡುವುದು ನನ್ನ ಅಭ್ಯಾಸ. ಬಿಚ್ಚಿದರೆ ಒಳಗೆ ಕಿವಿಯ ಮಷೀನು.

ಕಾರ್ಡಿಗನ್ ಪಕ್ಕದ ಮನೆಯ ಅಜ್ಜಿಯದು. ಐರಿಷ್ ಹೆಂಗಸು, ಒಂಟಿ, ಜೀವಮಾನವೆಲ್ಲ ಶಾಲೆಯಲ್ಲಿ ಪಾಠ ಹೇಳಿದವರು. ಮೈಸೂರಿನಿಂದ ನಾವು ಐರ್ಲೆಂಡಿನ ಕಾರ್ಕ್ ಬಳಿಯ ರಿಂಗಾಸ್ಕಿಡಿಗೆ ಬಂದ ವಾರವೇ ಬಿಸಿ ಸೋಡಾ ಬ್ರೆಡ್ ಹಿಡಿದು ಬಾಗಿಲು ತಟ್ಟಿದ್ದರು. ಕೋವಿಡ್‌ಗೆ ಮುಂಚಿನ ಚಳಿಗಾಲದಲ್ಲಿ ಸೊಂಟದ ಮೂಳೆ ಮುರಿದು ನರ್ಸಿಂಗ್ ಹೋಮ್ ಸೇರುವಾಗ, ಫಾರಮ್ಮಿನಲ್ಲಿ ‘ಹತ್ತಿರದವರು’ ಎಂಬ ಜಾಗದಲ್ಲಿ ನನ್ನ ಹೆಸರು ಬರೆಸಿದರು. ಅಲ್ಲಿ ಒಗೆದರೆ ಉಣ್ಣೆ ಕುಗ್ಗುತ್ತದೆಂದು ಅವರ ಬಟ್ಟೆ ನಾನೇ ಒಗೆಯುತ್ತಿದ್ದೆ. ಪ್ರತಿ ಬುಧವಾರ ಹೋಮ್‌ನವರು ಹಿಂಬಾಗಿಲಲ್ಲಿ ಚೀಲ ಇಟ್ಟಿರುತ್ತಿದ್ದರು.

ಕೋವಿಡ್ ಬಂದ ಮೇಲೆ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಗಾಜಿನ ಆಚೆ ಅಜ್ಜಿ, ಈಚೆ ನಾನು, ಇಬ್ಬರ ಕೈಯಲ್ಲೂ ಫೋನು. ಐದಾರು ವಾರಗಳಿಂದ ಅವರು ನಾನು ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಸುಮ್ಮನೆ ನಗುತ್ತಿದ್ದರು, ಅಥವಾ ‘ಹೌದು, ಹೌದು’ ಎನ್ನುತ್ತಿದ್ದರು. ‘ಮನಸ್ಸು ಮಸುಕಾಗ್ತಾ ಇದೆ’ ಎಂದು ಆ ಹೋಮ್‌ನ ಮುಖ್ಯಸ್ಥೆ ನನಗೆ ತಿಳಿಸಿದ್ದರು. ಮುಂದಿನ ತಿಂಗಳು ಮೇಲಿನ ಮಹಡಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಅದು ನೆನಪು ಕಳೆದುಕೊಂಡವರ ಬೀಗ ಹಾಕಿದ ಮಹಡಿ. ಅಲ್ಲಿ ಕಿಟಕಿಯ ಭೇಟಿಯೂ ಇಲ್ಲ.

ಮಷೀನನ್ನು ಅಂಗೈಯಲ್ಲಿಟ್ಟುಕೊಂಡೇ ಮುಖ್ಯಸ್ಥೆಗೆ ಫೋನು ಮಾಡಿದೆ. ಆಕೆ ಸ್ವತಃ ನರ್ಸು, ನನಗೆ ಆಕೆಯ ಮೇಲೆ ಗೌರವವಿತ್ತು. ನೇರವಾಗಿ ಹೇಳಲು ಸಂಕೋಚವಾಗಿ, “ಅಜ್ಜಿಯ ಕಿವಿ ಮಷೀನು ಸರಿಯಾಗಿದೆಯಾ?” ಎಂದು ಕೇಳಿದೆ.

“ಗ್ರ್ಯಾಂಡ್, ಸರಿಯಾಗೇ ಇದೆ! ದಿನಾ ಬೆಳಿಗ್ಗೆ ನಾನೇ ನೋಡ್ತೀನಿ. ನೋಡಿ, ಚಾರ್ಟಲ್ಲಿ ಇವತ್ತಿನ ಸಹಿನೂ ಇದೆ, ಕಣ್ಣೆದುರೇ ಇದೆ.”

ನನ್ನ ಕಣ್ಣೆದುರು ಇದ್ದದ್ದು ಮಷೀನು. ಅದರ ಸಂದಿಯಲ್ಲಿ ಒಣಗಿದ ಗಂಜಿಯ ಒಂದು ಕಣ ಅಂಟಿಕೊಂಡಿತ್ತು. ನನ್ನ ಬಾಯಿಂದ ಹೊರಟದ್ದು ‘ಥ್ಯಾಂಕ್ಯೂ ಸಿಸ್ಟರ್’ ಎಂಬ ಮಾತು ಮಾತ್ರ. ಸುಳ್ಳು ಹೇಳುವವರ ದನಿ ನಡುಗುತ್ತದೆ ಎಂದು ನಾನು ಅಲ್ಲಿಯವರೆಗೂ ನಂಬಿದ್ದೆ.

ಅಂದೇ ಮಷೀನನ್ನು ಕವರಿನಲ್ಲಿ ಹಾಕಿ, ಮೇಲೆ ಅಜ್ಜಿಯ ಹೆಸರು ಬರೆದು ಹಿಂಬಾಗಿಲಲ್ಲಿ ಕೊಟ್ಟು ಬಂದೆ. ಮುಂದಿನ ಬುಧವಾರ ಕಿಟಕಿಯಲ್ಲಿ ನೋಡಿದರೆ ಅಜ್ಜಿಯ ಕಿವಿ ಖಾಲಿ. ಕಾರ್ಡಿಗನ್ನಿನ ಗುಂಡಿಗಳು ಒಂದೊಂದು ಕಾಜ ಕೆಳಗೆ ಸರಿದಿದ್ದವು.

ಆಗ ಹೋಮ್‌ಗೇ ದೂರು ಬರೆದೆ. ಕಾನ್ವೆಂಟಿನಲ್ಲಿ ನಮಗೆ ಪತ್ರ ಬರೆಯಲು ಕಲಿಸಿದ ಸಿಸ್ಟರ್‌ಗೆ ಎರಡು ನಿಯಮಗಳಿದ್ದವು: ಮೊದಲು ರಫ್ ಪ್ರತಿ, ಆಮೇಲೆ ಫೇರ್ ಪ್ರತಿ; ಆಕ್ಷೇಪ ಹೇಳುವ ಮುನ್ನ ಉಪಕಾರ ಸ್ಮರಿಸಬೇಕು. ಹಾಗಾಗಿ ನನ್ನ ಮೊದಲ ಪುಟದ ತುಂಬ ವಂದನೆಗಳೇ. ದಿನವಿಡೀ ಮಾಸ್ಕು ಹಾಕಿಕೊಂಡು ದುಡಿಯುವವರಿಗೆ, ಅಜ್ಜಿಯ ಕಿಟಕಿಯ ಕೆಳಗಿನ ಫ್ಯೂಷಿಯಾ ಹೂಗಿಡಕ್ಕೆ ನೀರು ಹಾಕುವವರಿಗೆ. ಮಷೀನಿನ ವಿಷಯ, ಸಹಿಯ ವಿಷಯ ಎರಡನೆಯ ಪುಟದಲ್ಲಿ.

ನಮ್ಮವರು ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದು ಓದಿದರು. “ಏನೇ ಇದು, ಕಂಪ್ಲೇಂಟೋ ಬಿನ್ನವತ್ತಳೆನೋ? ಹಾರ, ಶಾಲು ಒಂದು ಬಾಕಿ.”

“ಸುಮ್ನಿರಿ. ಒಳ್ಳೆ ಮಾತಲ್ಲಿ ಹೇಳಿದ್ರೆ ಕೇಳ್ತಾರೆ.”

“ಕೇಳ್ತಾರೆ, ಕೇಳ್ತಾರೆ. ಕಾಫಿ ಕೊಟ್ಟು ಕೂರಿಸಿ ಕೇಳ್ತಾರೆ.”

ಫೇರ್ ಪ್ರತಿ ಕಳಿಸಿದ ಮೇಲೆ, ಮುಂದಿನ ಬುಧವಾರ ಮಗಳೂ ಜೊತೆಗೆ ಬಂದಿದ್ದಳು. ಹತ್ತು ವರ್ಷದವಳು, ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಕಾರ್ಕ್ ಇಂಗ್ಲಿಷಿನಲ್ಲಿ, ಅಮ್ಮ ಎನ್ನಲು ‘ಮ್ಯಾಮ್’. ಗಾಜಿಗೆ ಮೂಗು ಒತ್ತಿ ನಿಂತವಳು ಒಮ್ಮೆಲೇ ಬೆರಳು ತೋರಿಸಿದಳು. “ಮ್ಯಾಮ್! ದಟ್ಸ್ ಯುವರ್ ರೈಟಿಂಗ್!”

ಅಜ್ಜಿಯ ಕುರ್ಚಿಯ ಹಿಂದಿನ ಗೋಡೆಯಲ್ಲಿ, ಮಕ್ಕಳು ಬರೆದ ಕಾಮನಬಿಲ್ಲುಗಳ ನಡುವೆ, ಕುಟುಂಬಗಳು ಕಳಿಸಿದ ವಂದನಾ ಪತ್ರಗಳ ಬೋರ್ಡಿತ್ತು. ಅದರ ನಟ್ಟನಡುವೆ ನಾಲ್ಕು ಪಿನ್ನು ಚುಚ್ಚಿ ನನ್ನ ಮೊದಲ ಪುಟ ಹಾಕಿದ್ದರು. ಎರಡನೆಯ ಪುಟ ಎಲ್ಲೂ ಇರಲಿಲ್ಲ. ಆ ಹೊಗಳಿಕೆಯ ಕೆಳಗೆ ಅಜ್ಜಿ ಏನೂ ಕೇಳಿಸದೆ ಕುಳಿತಿದ್ದರು. ನನ್ನ ಕೈಬರಹವನ್ನು ನನ್ನ ಕಣ್ಣೆದುರೇ ಯಾರೋ ಕದ್ದು ತೊಟ್ಟುಕೊಂಡಂತೆ ಅನ್ನಿಸಿತು.

ಮನೆಗೆ ಬಂದು ಇನ್ನೊಂದು ಪತ್ರ ಬರೆದೆ. ಈ ಸಲ ನರ್ಸ್‌ಗಳ ನೋಂದಣಿ ಮಂಡಳಿಗೆ, ಒಂದು ಪ್ರತಿ ನರ್ಸಿಂಗ್ ಹೋಮ್‌ಗಳನ್ನು ತಪಾಸಣೆ ಮಾಡುವ ಕಚೇರಿಗೆ. ಮಂಡಳಿಯ ಫಾರಮ್ಮಿನಲ್ಲಿ ಹೆಸರು ಮರೆಮಾಡುವಂತಿರಲಿಲ್ಲ. ದೂರಿನ ಪ್ರತಿಯನ್ನು ಆ ನರ್ಸಿಗೂ ಕಳಿಸುತ್ತೇವೆ ಎಂದಿತ್ತು.

“ಆಕೆಗೇ ಕಳಿಸ್ತಾರಂತೆ ಕಣ್ರೀ! ಆಕೆ ನೋಂದಣಿನೇ ಹೋದ್ರೆ? ಒಬ್ಬರ ಅನ್ನಕ್ಕೆ ಕಲ್ಲು ಹಾಕಿದ ಹಾಗಾಗಲ್ವಾ?”

ನಮ್ಮವರು ಈ ಸಲ ತಮಾಷೆ ಮಾಡಲಿಲ್ಲ. “ಅಜ್ಜಿ ಮೇಲಿನ ಮಹಡಿಗೆ ಹೋದ್ರೆ ವಾಪಸ್ ಕೆಳಗೆ ಬರ್ತಾರಾ, ಹೇಳು.”

ಸಹಿ ಹಾಕಿದೆ. ವಂದನೆಗಳೊಂದಿಗೆ ಎಂಬ ಮಾತನ್ನೂ ಬರೆಯಲಿಲ್ಲ.

ತಪಾಸಣೆಯ ಕಚೇರಿಯಿಂದ ಒಬ್ಬ ಹೆಂಗಸು ಫೋನು ಮಾಡಿದರು. ದನಿಯಲ್ಲಿ ಸ್ವಲ್ಪ ಅನುಮಾನವಿತ್ತು. “ಹೋಮ್‌ನವರು ಉತ್ತರ ಕಳಿಸಿದ್ದಾರೆ. ಜೊತೆಗೆ ನಿಮ್ಮದೇ ಪತ್ರ ಲಗತ್ತಿಸಿದ್ದಾರೆ. ಕುಟುಂಬದವರಿಗೆ ಪೂರ್ತಿ ತೃಪ್ತಿ ಅಂತ ಬರೆದಿದ್ದಾರಲ್ಲ?”

ನಾನು ವಿನಯದಿಂದ ಬರೆದದ್ದು ಈಗ ಅಜ್ಜಿಯ ವಿರುದ್ಧವೇ ಸಾಕ್ಷಿ.

“ಅದಕ್ಕೆ ಎರಡನೆ ಪುಟ ಇದೆ ಮೇಡಂ.”

“ನಮ್ಮ ಹತ್ತಿರ ಒಂದೇ ಇದೆ.”

“ನನ್ನ ಹತ್ತಿರ ರಫ್ ಕಾಪಿ ಇದೆ.”

“ಪತ್ರಕ್ಕೂ ರಫ್ ಕಾಪಿ ಮಾಡ್ತೀರಾ?” ಎಂದರು. ಬೇಳೆ ಡಬ್ಬಿಗಳ ಹಿಂದೆ, ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಅದಿತ್ತು. ಹೊಡೆದುಹಾಕಿದ ಸಾಲುಗಳೂ ಅರಿಶಿನದ ಒಂದು ಕಲೆಯೂ ಸೇರಿದಂತೆ ಎರಡೂ ಪುಟಗಳ ಫೋಟೋ ತೆಗೆದು ಕಳಿಸಿದೆ.

ತಪಾಸಣೆಯ ಆ ಹೆಂಗಸು ಮರುದಿನ ಬೆಳಿಗ್ಗೆ ಮುನ್ಸೂಚನೆ ಕೊಡದೆ ಹೋಮ್‌ಗೆ ಹೋದರಂತೆ. ಮುಖ್ಯಸ್ಥೆಯ ಮೇಜಿನ ಖಾನೆಯಲ್ಲಿ ನಾನು ಕೊಟ್ಟ ಕವರು ಸಿಕ್ಕಿತು. ಬಿಚ್ಚಿಯೇ ಇರಲಿಲ್ಲ. ಅಜ್ಜಿಯ ಚಾರ್ಟಿನಲ್ಲಿ ಅಂದಿನ ಬೆಳಗಿನ ಸಹಿ ಮಾತ್ರ ಆಗಲೇ ಬಿದ್ದಿತ್ತು.

ಮಂಡಳಿಯ ವಿಚಾರಣೆ ಮುಗಿಯಲು ವರ್ಷವೇ ಹಿಡಿಯಿತು. ಸುಳ್ಳು ದಾಖಲೆಗಾಗಿ ಮುಖ್ಯಸ್ಥೆಗೆ ಛೀಮಾರಿ. ಮುಂದೆ ಇನ್ನೊಬ್ಬರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು ಎಂಬ ಷರತ್ತು. ಆ ಕಾಗದ ಓದುವಾಗ ನನಗೆ ಸಂತೋಷವೇನೂ ಆಗಲಿಲ್ಲ. ಅಷ್ಟೊಂದು ಬೆಳಗುಗಳಲ್ಲಿ ಆಕೆ ಅಜ್ಜಿಯ ಕೋಣೆ ದಾಟಿಯೇ ಹೋಗಿರಬೇಕು. ಒಂದು ಸಲವಾದರೂ ಕಿವಿಯತ್ತ ನೋಡಬೇಕೆನ್ನಿಸಲಿಲ್ಲವೇ?

ತಪಾಸಣೆ ನಡೆದ ಮರುವಾರ ಎಂದಿನಂತೆ ಕಿಟಕಿಯ ಬಳಿ ಹೋದೆ. ಅಜ್ಜಿಯನ್ನು ಮೇಲಿನ ಮಹಡಿಗೆ ಸಾಗಿಸುವ ಮಾತು ನಿಂತಿತ್ತು. ಬೋರ್ಡಿನಲ್ಲಿ ನನ್ನ ಪುಟವಿದ್ದ ಜಾಗದಲ್ಲಿ ನಾಲ್ಕು ತೂತುಗಳು. ಅಜ್ಜಿಯ ಬಿಳಿಕೂದಲ ನಡುವೆ ಮಷೀನಿನ ಸಣ್ಣ ತಂತಿ ಕಾಣುತ್ತಿತ್ತು. ನಾನು ಅಭ್ಯಾಸಬಲದಿಂದ ಫೋನಿನಲ್ಲಿ ಜೋರಾಗಿ, “ಹೇಗಿದ್ದೀರಿ?” ಎಂದು ಕೂಗಿದೆ.

ಅಜ್ಜಿ ಫೋನನ್ನು ಕಿವಿಯಿಂದ ಸರಕ್ಕನೆ ದೂರ ಹಿಡಿದರು.

“ಮೆಲ್ಲಗೆ, ಹುಡುಗಿ! ನಾನೇನು ಕಿವುಡಿಯಾ?” ಎಂದು ಗದರಿದರು. ಆಮೇಲೆ ನನ್ನನ್ನು ಕಾಳಜಿಯಿಂದ ನೋಡಿ, “ಈಗ ಪರವಾಗಿಲ್ವಾ ನಿನಗೆ? ಎಷ್ಟು ವಾರದಿಂದ ಬಂದು ನಿಂತು ಮೀನಿನ ಥರ ಬಾಯಿ ತೆರೆದು ಮುಚ್ಚಿ ಮಾಡ್ತಿದ್ದೆ. ಪಾಪ, ತಲೆ ಕೆಟ್ಟಿದೆ, ಬೇಜಾರು ಮಾಡ್ಕೋಬಾರದು ಅಂತ ನಾನೂ ನಗ್ತಾ ಹೌದು ಹೌದು ಅಂತಿದ್ದೆ,” ಎಂದರು.