ಕಾಲು ತೋರಿಸಿ ಇಳಿಯಬೇಕಾದ ಬಾವಿ

ನರೋಣಾದ ಪಾವಟಿಗೆ ಬಾವಿಗೆ ಇನ್ನೂ ಪೂರ್ತಿ ಬೆಳಕು ಬಿದ್ದಿಲ್ಲ. ಮೇಲಿನಿಂದ ಮೂರನೆಯ ಪಾವಟಿಗೆಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂಬೆವ್ವ ನಿಂತಿದ್ದಾಳೆ. ಕೊಡ ಹೊತ್ತು ಬಂದವರೆಲ್ಲ ಮೊದಲು ಅವಳಿಗೆ ಕಾಲು ತೋರಿಸಬೇಕು. ಅವಳು ಬಾಗಿ ಪಾದ, ಹಿಮ್ಮಡಿ, ಮೀನಖಂಡ ನೋಡಿ "ಹೋಗ್ ಬೇ" ಎಂದ ಮೇಲೆಯೇ ನೀರಿಗೆ ಇಳಿಯುವುದು. ನನ್ನನ್ನೂ ಬಿಡುವುದಿಲ್ಲ. "ಪ್ಯಾಟಿ ಮಂದಿ ಕಾಲಾಗೂ ನಾರಿನ ಹುಣ್ಣು ಬರ್ತದ್ರಿ. ಬೂಟ್ ತಗೀರಿ." ತೆಗೆಯದೆ ಮತ್ತೇನು ಮಾಡಲಿ!

ಕರೋಡಗಿರಿ ನಾಕಾದಲ್ಲಿ ಸುಂಕದವರು ಗಾಡಿ ತಪಾಸು ಮಾಡುವಂತೆ ಕಾಲು ತಪಾಸು ಮಾಡುವ ಇವಳಿಗೆ ಊರವರು ಇಟ್ಟ ಹೆಸರು ನಾಕಾದ ನಿಂಬೆವ್ವ. ಈ ಬೇಸಿಗೆ ಯಾವ ಊರಿಗೆ ಹೋದರೂ ಸರಕಾರ ಯಾರದಾಗುತ್ತದೆ ಎಂಬುದೇ ಮಾತು. ನಾನೂ ಪತ್ರಿಕೆಗೆ ಅದನ್ನೇ ಬರೆಯಲು ಬಂದವನು. ಈ ಬಾವಿಯಲ್ಲಂತೂ ಸರಕಾರ ನಿಂಬೆವ್ವನದೇ.

ಮೇಲೆ ಬಂದ ಪ್ರತಿ ಕೊಡವನ್ನೂ ಅವಳು ನಾಲ್ಕು ಮಡಿಕೆ ಧೋತರದಲ್ಲಿ ಸೋಸುತ್ತಾಳೆ. ಮಧ್ಯಾಹ್ನದೊಳಗೆ ಇನ್ನೂರು ಕೊಡ. ಧೋತರ ಹರಿದರೆ ಹೊಲಿಯುವವನು ದಂಡೆಯ ಮೇಲೆ ಕೂತ ಗಂಡ ಭೀಮಶಾ. ಅವನ ಬಲ ಮೊಣಕಾಲು ಮಡಚುವುದಿಲ್ಲ.

"ಅದು ನಾ ಮಾಡಿದ್ದೇ ರೀ," ಎನ್ನುತ್ತಾಳೆ. ಹನ್ನೊಂದು ವರ್ಷದ ಹಿಂದೆ ಅವಳ ಪಾದದಲ್ಲಿ ನಾರುಹುಣ್ಣು ಎದ್ದಿತ್ತು. ಹುಣ್ಣಿನಿಂದ ಬಿಳಿ ನೂಲಿನಂಥ ಹುಳ ಹೊರಬರುತ್ತಿತ್ತು. ಉರಿ ತಾಳಲಾರದೆ, ಊರಲ್ಲಿ ಎಲ್ಲರೂ ಮಾಡುವಂತೆ, ಬಾವಿಯ ತಂಪು ನೀರಲ್ಲಿ ಕಾಲಿಟ್ಟು ಕೂತಳು. ಮರುವರ್ಷ ಅರವತ್ತು ಮಂದಿ ನಾರಿನಿಂದ ಮಲಗಿದರು. ಬಿತ್ತಲು ಆಳಿಲ್ಲ. ಭೀಮಶಾನ ಕಾಲೂ ಆಗಲೇ ಹೋಯಿತು. "ಆಳಂದ ದವಾಖಾನಿ ಡಾಕ್ಟರ್ ಹೇಳಿದ್ರು, ಹುಣ್ಣು ನೀರಿಗಿ ಬಿದ್ರ ಹುಳದ ಮರಿ ನೀರಾಗ ಉಳೀತಾವ, ಸೋಸಲಾರ್ದ ಕುಡಿದವ್ರಿಗಿ ಬರ್ತದ ಅಂತ. ಅವತ್ತಿಂದ ನಾ ಈ ನೀರಿಗಿ ಕಾಲಿಟ್ಟಿಲ್ರಿ." ಮನೆಗೆ ಬೇಕಾದ ಎರಡು ಕೊಡ ನೀರನ್ನು ಇಂದಿಗೂ ನೆರೆಯವರೇ ತುಂಬಿ ಕೊಡುತ್ತಾರೆ.

ಕಳೆದ ವರ್ಷ ಊರಲ್ಲಿ ನಾರು ಬಂದದ್ದು ಆರು ಜನಕ್ಕೆ. ಈ ಬೇಸಿಗೆ ಈತನಕ ಯಾರಿಗೂ ಇಲ್ಲ ಎಂದು ಅವಳು ಹೇಳುವಷ್ಟರಲ್ಲಿ ಸಾಹುಕಾರ ದೌಲತರಾಯರು ಕುಂಟುತ್ತ ಬರುತ್ತಾರೆ. ಪಾದಕ್ಕೆ ಅರಿವೆ ಸುತ್ತಿದೆ. ನಿಂಬೆವ್ವನ ಮುಖ ಸಣ್ಣದಾಗುತ್ತದೆ.

"ಸರಿ ಬೇ. ಬೆಂಕಿ ಹತ್ತಿದಂಗ ಉರಿಯಾಕತ್ತದ. ಒಂದ್ ಗಳಿಗಿ ನೀರಾಗ ಇಟ್ಟು ಬರ್ತೇನಿ."

"ಇಳೀಬ್ಯಾಡ್ರಿ ಸಾಹುಕಾರ್ರ."

"ನಮ್ಮಪ್ಪ ಕಟ್ಸಿದ ಬಾವಿ ಇದು!"

"ಕಟ್ಸಿದ್ದು ನಿಮ್ಮಪ್ಪ, ಖರೆ. ಕುಡಿಯಾಕತ್ತದ್ದು ಊರ್ರಿ."

ಅವರು ಒಂದು ಪಾವಟಿಗೆ ಇಳಿಯುತ್ತಾರೆ. ಅವಳು ಎರಡೂ ಕೈ ಚಾಚಿ ಅಡ್ಡ ನಿಲ್ಲುತ್ತಾಳೆ. ದಂಡೆಯ ಮೇಲಿದ್ದ ಭೀಮಶಾ ಸೂಜಿ ಕೆಳಗಿಟ್ಟು, ಉಟ್ಟ ಧೋತರ ಸರಿಸಿ, ಮರದಂತಾದ ತನ್ನ ಬಲಗಾಲನ್ನು ಸಾಹುಕಾರರ ಕಣ್ಣಿಗೆ ಬೀಳುವಂತೆ ಮುಂದಕ್ಕೆ ಚಾಚುತ್ತಾನೆ.

ದೌಲತರಾಯರು ಆ ಕಾಲನ್ನೇ ನೋಡುತ್ತಾರೆ. ಆಮೇಲೆ ತಿರುಗಿ ಮೇಲೆ ಬಂದು, ಬಾವಿಯಿಂದ ದೂರದ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂರುತ್ತಾರೆ. ನಿಂಬೆವ್ವ ಒಂದು ಕೊಡ ಸೋಸಿದ ನೀರು ತಂದು, ಮುಂದೆ ಕೂತು, ಉರಿಯುವ ಪಾದದ ಮೇಲೆ ಸಣ್ಣಗೆ ಸುರಿಯುತ್ತಾಳೆ. "ಹಾಯ್ ಅನಸ್ತದಿಲ್ರಿ? ದಿನಾ ಬರ್ರಿ, ನಾ ಹಾಕ್ತೇನಿ." ಸಾಹುಕಾರರು ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ.

ಹೊರಡುವಾಗ ಕೇಳುತ್ತೇನೆ: ನಿನಗೇನು ಬೇಕು, ನಿಂಬೆವ್ವ?

ಅವಳು ಬಾವಿಯ ಕಡೆ ನೋಡುತ್ತಾಳೆ. "ಸಾಹುಕಾರ್ರದೇ ಕಡೀ ನಾರು ಆಗ್ಲಿ ರೀ. ಬರೋ ಬ್ಯಾಸಗಿ ಊರಾಗ ಒಂದೂ ಬರಲಿಲ್ಲಂದ್ರ, ಕಾಲು ತೋರ್ಸಿ ನಾನೂ ಇಳೀತೇನಿ. ನನ್ನ ಕೊಡ ನಾನೇ ತುಂಬ್ಕೋತೇನಿ."